ಲ್ಯಾಬಲ್ಲಿ ಚಿಪ್ಪಿನ ಹರಳು ಬೆಳೆಸೋದು ಹೇಗೆ?

ಕೋಲಾರದ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಲ್ಲ, ಮೊಟ್ಟೆ ಚಿಪ್ಪಲ್ಲಿರೋದೂ ಬಹುಪಾಲು ಅದೇ ಕ್ಯಾಲ್ಸಿಯಂ ಕಾರ್ಬೊನೇಟ್, ಆದ್ರೆ ಚಿಪ್ಪಲ್ಲಿ ಹರಳಿನ ಆಕಾರನ ಪ್ರೋಟೀನ್ ತಿದ್ದುತ್ತೆ. ಕಾಲೇಜ್ ಲ್ಯಾಬಲ್ಲೇ ಇದನ್ನ ಕಣ್ಣಾರೆ ನೋಡ್ಬೋದು.

100 ಮಿ.ಲೀ. ಡಿಸ್ಟಿಲ್ಡ್ ವಾಟರ್‌ಗೆ (ಬೋರ್ ನೀರು ಬೇಡವೇ ಬೇಡ, ಅದರಲ್ಲಿರೋ ಮೆಗ್ನೀಸಿಯಂ ಹರಳಿನ ಆಕಾರನೇ ಬದಲಾಯಿಸ್ಬೋದು) 0.15 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಕರಗಿಸಿ. ಎರಡು ಬಟ್ಟಲಿಗೆ ಹಾಕಿ, ತಳದಲ್ಲಿ ಗ್ಲಾಸ್ ಸ್ಲೈಡ್ ಇಡಿ, ಒಂದಕ್ಕೆ ಮಾತ್ರ ಎರಡು ಹನಿ ಮೊಟ್ಟೆ ಬಿಳಿ ಲೋಳೆ. ಫಾಯಿಲ್ ಮುಚ್ಚಿ ಸೂಜಿಯಿಂದ ಮೂರ್ನಾಲ್ಕು ತೂತು ಮಾಡಿ, ಅಮೋನಿಯಂ ಕಾರ್ಬೊನೇಟ್ ಪುಡಿ ಜೊತೆ ಡೆಸಿಕೇಟರಲ್ಲಿ (ಬಿಗಿ ಮುಚ್ಚಳದ ಗಾಜಿನ ಪಾತ್ರೆ) ಒಂದು ದಿನ ಬಿಡಿ. ಪುಡಿಯಿಂದ ಏಳೋ ಅನಿಲ ತೂತಿನಿಂದ ಒಳಗಿಳಿದು ದ್ರಾವಣದಲ್ಲಿ ಹರಳು ಕಟ್ಟುತ್ತೆ. ಅಮೋನಿಯಾ ಘಾಟು ಜೋರಿರುತ್ತೆ, ಫ್ಯೂಮ್ ಹುಡ್ (ಘಾಟನ್ನ ಹೊರಗೆಳೆಯೋ ಲ್ಯಾಬ್ ಗೂಡು) ಒಳಗೇ ತೆಗೀರಿ.

ಮೈಕ್ರೋಸ್ಕೋಪಲ್ಲಿ ನೋಡಿ: ಬರೀ ದ್ರಾವಣದ್ದು ಓರೆ ಡಬ್ಬಿ ಥರ ಚೂಪು ಅಂಚಿನ ಕ್ಯಾಲ್ಸೈಟ್ (ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ಹರಳು ರೂಪ), ಲೋಳೆ ಬಿದ್ದಿದ್ರಲ್ಲಿ ಅಂಚು ಮೊಂಡಾಗಿ ದುಂಡಗಾಗಿರ್ಬೋದು.