ಐಸ್‌ಕ್ರೀಮ್ ಮೆಷಿನ್ ಇಲ್ಲದೆ ಮನೆಯಲ್ಲೇ ಹಣ್ಣಿನ ಫ್ರೋಜನ್ ಯೋಗರ್ಟ್

ಮೊಸರು, ಹಣ್ಣು, ಸಕ್ಕರೆ. ಮೂರನ್ನೂ ಕಲಸಿ ಡಬ್ಬಕ್ಕೆ ಹಾಕಿ ರಾತ್ರಿ ಫ್ರೀಜರ್‌ನಲ್ಲಿಟ್ಟರೆ ಬೆಳಿಗ್ಗೆ ಫ್ರೋಜನ್ ಯೋಗರ್ಟ್ ರೆಡಿ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಬೆಳಿಗ್ಗೆ ಸಿಗುವುದು ಚಮಚ ಬಾಗಿದರೂ ಜಗ್ಗದ ಒಂದು ಹುಳಿ ಮಂಜುಗಡ್ಡೆ. ಅಲ್ಲಿಗೆ, ಮೆಷಿನ್ ಇಲ್ಲದೆ ಇದು ಆಗುವ ಕೆಲಸ ಅಲ್ಲ ಅಂತ ಕೈಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಇಲ್ಲಿ ಆಟ ಕೆಡಿಸುವುದು ನೀರು. ಅದನ್ನು ಹಿಡಿತಕ್ಕೆ ತಂದರೆ ಒಂದು ಟ್ರೇ, ಒಂದು ಫೋರ್ಕ್ ಸಾಕು.

ಮಾಮೂಲಿ ಮೊಸರಿನಲ್ಲಿ ಶೇ. 85ಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಸ್ಟ್ರಾಬೆರಿಯಲ್ಲಿ ಸುಮಾರು ಶೇ. 90. ಈ ನೀರು ಅಲುಗಾಡದೆ ನಿಧಾನಕ್ಕೆ ಹೆಪ್ಪುಗಟ್ಟಿದಾಗ ಐಸ್ ಹರಳುಗಳು ದೊಡ್ಡದಾಗಿ ಬೆಳೆಯುತ್ತವೆ, ಬಾಯಲ್ಲಿ ಕರಕರ ಅನ್ನುವುದು ಅವೇ. ಹರಳು ತೀರಾ ಸಣ್ಣದಿದ್ದರೆ ನಾಲಿಗೆಗೆ ಗೊತ್ತೇ ಆಗುವುದಿಲ್ಲ, ನುಣುಪು ಅನಿಸುತ್ತದೆ. ಮೆಷಿನ್ ಮಾಡುವುದು ಇಷ್ಟೇ: ಹೆಪ್ಪುಗಟ್ಟುತ್ತಿರುವಾಗಲೇ ಕಲಕುತ್ತಾ ಹರಳು ಬೆಳೆಯದಂತೆ ನೋಡಿಕೊಳ್ಳುತ್ತದೆ, ಜೊತೆಗೆ ಸ್ವಲ್ಪ ಗಾಳಿ ಸೇರಿಸುತ್ತದೆ. ಕಲಕುವುದನ್ನು ಕೈಯಲ್ಲೇ ಮಾಡಬಹುದು. ಆದರೆ ಕೈಗೆ ಮೆಷಿನ್ನಿನಷ್ಟು ವೇಗ ಇಲ್ಲ ಅಲ್ವಾ, ಅದಕ್ಕೇ ಕಲಕುವ ಮುಂಚೆಯೇ ನೀರನ್ನು ಆದಷ್ಟು ತೆಗೆದುಬಿಡಬೇಕು.

ಶುರು ಮಾಡುವುದು ಮೊಸರಿನಿಂದ. ಕೆನೆಭರಿತ ಹಾಲಿನ, ಹುಳಿ ಬಂದಿರದ ತಾಜಾ ಮೊಸರು ಒಂದು ಕಿಲೋ ತಗೊಳ್ಳಿ. ಕೊಬ್ಬು ತೆಗೆದ ಮೊಸರು ಇದಕ್ಕೆ ಬೇಡ. ಕೊಬ್ಬಿದ್ದರೆ ತಿನ್ನುವಾಗ ನುಣ್ಣಗಿರುತ್ತದೆ, ಅದಿಲ್ಲದಿದ್ದರೆ ಉಳಿಯುವುದು ಬರೀ ಐಸ್ ಮತ್ತು ಹುಳಿ. ಒಂದು ಪಾತ್ರೆಯ ಮೇಲೆ ಜರಡಿ ಇಡಿ, ಒಳಗೆ ತೊಳೆದ ತೆಳು ಹತ್ತಿ ಬಟ್ಟೆ ಎರಡು ಪದರ ಹಾಸಿ, ಮೊಸರು ಸುರಿದು, ಬಟ್ಟೆಯ ತುದಿಗಳನ್ನು ಮೇಲಕ್ಕೆ ಮಡಚಿ ಮುಚ್ಚಿ ಫ್ರಿಜ್‌ನಲ್ಲಿಡಿ. ಜರಡಿಯ ತಳ ಮತ್ತು ಪಾತ್ರೆಯ ತಳದ ನಡುವೆ ಒಂದು ಕೈಯಗಲ ಜಾಗ ಇರಲಿ, ಇಲ್ಲದಿದ್ದರೆ ಇಳಿದ ನೀರಲ್ಲೇ ಮೊಸರು ಕೂತಿರುತ್ತದೆ. 4ರಿಂದ 6 ಗಂಟೆ ಬಿಟ್ಟು ನೋಡಿ. ಕೆಳಗೆ ತಿಳಿಹಳದಿ ನೀರು ಅರ್ಧ ಪಾತ್ರೆ ತುಂಬಿರುತ್ತದೆ, ಮೇಲೆ ಮೊಸರು ಬಟ್ಟೆಯ ನೂಲಿನ ಗುರುತು ಮೂಡುವಷ್ಟು ಗಟ್ಟಿಯಾಗಿ ಅಂಚಿನಿಂದ ಬಿಟ್ಟುಕೊಂಡಿರುತ್ತದೆ. ಚಮಚದಲ್ಲಿ ತೆಗೆದು ಓರೆ ಮಾಡಿದರೂ ಬೀಳಬಾರದು, ಅಷ್ಟು ಸಾಕು. ಒಂದು ಕಿಲೋ ಇದ್ದದ್ದು ಹೆಚ್ಚುಕಮ್ಮಿ ಅರ್ಧ ಕಿಲೋಗೆ ಇಳಿದಿರುತ್ತದೆ.

ಬೇಗ ಆಗಲಿ ಅಂತ ಬಟ್ಟೆ ಹಿಂಡಬೇಡಿ, ನೀರಿನ ಜೊತೆ ಕೆನೆಯೂ ಹೊರಗೆ ಬರುತ್ತದೆ. ರಾತ್ರಿಯಿಡೀ ಬಿಟ್ಟು ತೀರಾ ಗಟ್ಟಿಯಾಯಿತಾ? ಇಳಿದ ನೀರನ್ನೇ ಒಂದೆರಡು ಚಮಚ ವಾಪಸ್ ಹಾಕಿ ಕಲಕಿ. ಉಳಿದದ್ದನ್ನು ಚೆಲ್ಲಬೇಡಿ, ಹಿಟ್ಟು ಕಲಸುವುದಕ್ಕೆ ಚೆನ್ನಾಗಿರುತ್ತದೆ. ಪ್ಯಾಕೆಟ್‌ನಲ್ಲಿ ಬರುವ ಕೆಲವು ಮೊಸರಿಗೆ ಜಿಲಟಿನ್ ಅಥವಾ ಸ್ಟಾರ್ಚ್ ಸೇರಿಸಿರುತ್ತಾರೆ, ಅಂಥದ್ದು ಎಷ್ಟು ಹೊತ್ತಿಟ್ಟರೂ ನೀರು ಸರಿಯಾಗಿ ಬಿಡುವುದಿಲ್ಲ. ಬಸಿದೇ ಮಾರುವ ಗ್ರೀಕ್ ಯೋಗರ್ಟ್ ಸಿಕ್ಕರೆ ಈ ಕೆಲಸವೇ ಉಳಿಯುತ್ತದೆ.

ಇನ್ನು ಸಕ್ಕರೆ. ಇದರ ಬಗ್ಗೆ ನಾನು ಸ್ವಲ್ಪ ಹಟ ಮಾಡಿಯೇ ಹೇಳುತ್ತೇನೆ: ಕಡಿಮೆ ಮಾಡಬೇಡಿ. ಇಲ್ಲಿ ಸಕ್ಕರೆ ಸಿಹಿಗೆ ಮಾತ್ರ ಅಲ್ಲ. ನೀರಲ್ಲಿ ಸಕ್ಕರೆ ಕರಗಿದಾಗ ಆ ನೀರು 0 ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ, ಇನ್ನೂ ತಣ್ಣಗಾಗಬೇಕು. ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಅಷ್ಟು ಚಳಿಯಲ್ಲೂ ಸಕ್ಕರೆ ಕರಗಿದ ನೀರು ಒಂದಿಷ್ಟು ಹೆಪ್ಪುಗಟ್ಟದೆ ಉಳಿಯುವುದರಿಂದಲೇ ಚಮಚ ಒಳಗೆ ಇಳಿಯುವುದು. ಸಕ್ಕರೆ ಅರ್ಧ ಮಾಡಿದರೆ ಅದು ಕಲ್ಲಾಗುತ್ತದೆ. ಇನ್ನೊಂದು ವಿಷಯ, ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಮ್ಮಿ ಗೊತ್ತಾಗುತ್ತದೆ. ಹಾಗಾಗಿ ಫ್ರೀಜರ್‌ಗೆ ಇಡುವ ಮುಂಚೆ ರುಚಿ ನೋಡಿದಾಗ ಸಿಹಿ ಸ್ವಲ್ಪ ಜಾಸ್ತಿಯಾಯಿತು ಅನಿಸಬೇಕು.

ಅರ್ಧ ಕಿಲೋ ಬಸಿದ ಮೊಸರಿಗೆ ಸಿಪ್ಪೆ, ಬೀಜ ತೆಗೆದ ಹಣ್ಣು ಅರ್ಧ ಕಿಲೋ, ಸಕ್ಕರೆ 150 ಗ್ರಾಂ, ಜೇನುತುಪ್ಪ 2 ದೊಡ್ಡ ಚಮಚ, ನಿಂಬೆರಸ 1 ಸಣ್ಣ ಚಮಚ, ಉಪ್ಪು ಒಂದೇ ಒಂದು ಚಿಟಿಕೆ. ಜೇನುತುಪ್ಪ ಯಾಕೆ ಅಂದರೆ, ಅದರಲ್ಲಿರುವ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಅಷ್ಟೇ ತೂಕದ ಮಾಮೂಲಿ ಸಕ್ಕರೆಗಿಂತ ಚೆನ್ನಾಗಿ ಹೆಪ್ಪುಗಟ್ಟುವುದನ್ನು ತಡೆಯುತ್ತವೆ, ಎರಡೇ ಚಮಚಕ್ಕೂ ಮೆದುತನದಲ್ಲಿ ವ್ಯತ್ಯಾಸ ಕಾಣುತ್ತದೆ. ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನು ಹಾಕಿದ್ದನ್ನು ಒಂದು ಚಮಚವೂ ಕೊಡಬೇಡಿ, ಬಾಟುಲಿಸಂ ಅನ್ನುವ ಅಪಾಯಕಾರಿ ಕಾಯಿಲೆಯ ಭಯ ಇದೆ. ಇನ್ನು ಸ್ಟೀವಿಯಾದಂಥ ಸಿಹಿಕಾರಕ ಸಿಹಿಯನ್ನೇನೋ ಕೊಡುತ್ತದೆ, ಆದರೆ ಹಾಕುವುದು ಚಿಟಿಕೆಯಷ್ಟಾದ್ದರಿಂದ ಗಟ್ಟಿಯಾಗುವುದನ್ನು ತಡೆಯಲು ಸಾಲುವುದಿಲ್ಲ. ಸಕ್ಕರೆ ಬೇಡವೇ ಬೇಡ ಅನ್ನುವವರು ಕೆಳಗೆ ಹೇಳಿರುವ ಮಿಕ್ಸಿ ವಿಧಾನದಲ್ಲಿ ಬಾಳೆಹಣ್ಣು ಹಾಕಿ ಮಾಡಿ, ಮಾಡಿದ ಕೂಡಲೇ ತಿಂದುಬಿಡಿ.

ಹಣ್ಣಿನ ವಿಷಯಕ್ಕೆ ಬಂದರೆ ಎಲ್ಲಾ ಹಣ್ಣಿಗೂ ಒಂದೇ ಲೆಕ್ಕ ನಡೆಯುವುದಿಲ್ಲ. ಸ್ಟ್ರಾಬೆರಿ, ಚೆರ್ರಿ, ಬ್ಲೂಬೆರಿ, ಪೀಚ್, ಪ್ಲಮ್ ಇವನ್ನೆಲ್ಲ ಬೇಯಿಸಲೇಬೇಕು. ಸಣ್ಣಗೆ ಹೆಚ್ಚಿ, ಮೇಲೆ ಹೇಳಿದ ಸಕ್ಕರೆಯನ್ನೆಲ್ಲ ಸೇರಿಸಿ ಅರ್ಧ ಗಂಟೆ ಬಿಡಿ, ಹಣ್ಣು ತನ್ನಷ್ಟಕ್ಕೆ ರಸ ಬಿಟ್ಟು ಸಕ್ಕರೆ ಕರಗಿಸಿಕೊಳ್ಳುತ್ತದೆ. ಆಮೇಲೆ ಅಗಲ ಬಾಣಲೆಯಲ್ಲಿ ಮಧ್ಯಮ ಉರಿಯಲ್ಲಿ ಕುದಿಸಿ. ಮೊದಲು ನೊರೆ ಏಳುತ್ತದೆ, ಗುಳ್ಳೆಗಳು ಸಣ್ಣಗಿರುತ್ತವೆ. ಎಂಟು ಹತ್ತು ನಿಮಿಷದಲ್ಲಿ ನೊರೆ ಇಳಿದು ಗುಳ್ಳೆಗಳು ದೊಡ್ಡದಾಗಿ, ನಿಧಾನಕ್ಕೆ ಒಡೆಯಲು ಶುರುವಾಗುತ್ತವೆ. ಸೌಟಿನಿಂದ ತಳದಲ್ಲಿ ಒಂದು ಗೆರೆ ಎಳೆದರೆ ಅದು ತಕ್ಷಣ ಮುಚ್ಚಿಕೊಳ್ಳದೆ ಒಂದು ಕ್ಷಣ ನಿಲ್ಲಬೇಕು, ಆಗ ಇಳಿಸಿ. ಬೇಯಿಸುವುದರಿಂದ ನೀರು ಹೋಗುತ್ತದೆ, ಹಣ್ಣಿನ ರುಚಿ ಗಟ್ಟಿಯಾಗುತ್ತದೆ, ಹಣ್ಣಿನಲ್ಲೇ ಇರುವ ಪೆಕ್ಟಿನ್ ಹೊರಬಂದು ಉಳಿದ ನೀರನ್ನು ಹಿಡಿದಿಡುತ್ತದೆ. ಪೂರ್ತಿ ಆರಿದ ಮೇಲೆ ಮಾತ್ರ ಮೊಸರಿಗೆ ಸೇರಿಸಿ, ಬಿಸಿ ಇದ್ದರೆ ಮೊಸರು ಒಡೆಯುತ್ತದೆ.

ಮಾವಿನ ಹಣ್ಣನ್ನು ಬೇಯಿಸಬೇಡಿ, ಪರಿಮಳ ಹಾಳಾಗುತ್ತದೆ. ಅದರ ತಿರುಳು ಹಾಗೇ ಮಂದವಾಗಿರುತ್ತದೆ, ರುಬ್ಬಿ ನಾರಿದ್ದರೆ ಜರಡಿಯಲ್ಲಿ ಸೋಸಿದರೆ ಆಯಿತು. ಹೀಗೆ ಹಸಿಯಾಗಿ ಹಾಕುವ ಹಣ್ಣಿಗೆ ಸಕ್ಕರೆ ಪುಡಿ ಮಾಡಿ ಹಾಕಿ ಪೂರ್ತಿ ಕರಗಿಸಿ. ಬಾಳೆಹಣ್ಣು ಎಲ್ಲಕ್ಕಿಂತ ಸುಲಭ, ಮೇಲೆ ಕಪ್ಪು ಚುಕ್ಕೆ ಬಂದಿರುವ ಹಣ್ಣಾದರೆ ಇನ್ನೂ ಒಳ್ಳೆಯದು, ತಾನಾಗಿಯೇ ಕೆನೆಯಂತಾಗುತ್ತದೆ. ಅನಾನಸ್, ಕಿವಿ, ಪಪ್ಪಾಯ ಈ ಮೂರರ ಜೊತೆ ಮಾತ್ರ ಹುಷಾರು. ಇವುಗಳಲ್ಲಿ ಹಾಲಿನ ಪ್ರೋಟೀನನ್ನು ಒಡೆಯುವ ಕಿಣ್ವಗಳಿವೆ, ಹಸಿಯಾಗಿ ಮೊಸರಿಗೆ ಹಾಕಿಟ್ಟರೆ ಸ್ವಲ್ಪ ಹೊತ್ತಿಗೇ ಕಹಿ ಶುರುವಾಗುತ್ತದೆ. ಐದು ನಿಮಿಷ ಚೆನ್ನಾಗಿ ಕುದಿಸಿದರೆ ಆ ಕಿಣ್ವಗಳು ಕೆಲಸ ನಿಲ್ಲಿಸುತ್ತವೆ. ಡಬ್ಬದಲ್ಲಿ ಬರುವ ಅನಾನಸ್ ಮೊದಲೇ ಬಿಸಿ ಕಂಡಿರುವುದರಿಂದ ಅದಕ್ಕೆ ಈ ಕಾಟವಿಲ್ಲ. ಕಲ್ಲಂಗಡಿ ಮಾತ್ರ ಬೇಡ ಅಂತಲೇ ಹೇಳುತ್ತೇನೆ, ಅದರಲ್ಲಿ ಬರೀ ನೀರು, ಬೇಯಿಸಿದರೆ ರುಚಿಯೂ ನಿಲ್ಲುವುದಿಲ್ಲ. ಹಸಿ ಹಣ್ಣಿನ ದೊಡ್ಡ ಹೋಳುಗಳನ್ನೂ ಕೊನೆಯಲ್ಲಿ ಹಾಕಬೇಡಿ, ಒಂದೊಂದೂ ಐಸ್ ತುಂಡಾಗಿ ಹಲ್ಲಿಗೆ ಸಿಗುತ್ತದೆ. ಹೋಳು ಬೇಕೇ ಬೇಕು ಅಂದರೆ ಸಕ್ಕರೆಯಲ್ಲಿ ಬೇಯಿಸಿದ್ದನ್ನು ಹಾಕಿ.

ಎಲ್ಲ ಸೇರಿಸಿ ನುಣ್ಣಗೆ ಕಲಕಿ ಫ್ರಿಜ್‌ನಲ್ಲಿ ಎರಡು ಗಂಟೆ ಇಡಿ. ಅದೇ ಹೊತ್ತಿಗೆ ಅಗಲವಾದ ಲೋಹದ ಟ್ರೇ ಒಂದನ್ನು ಖಾಲಿಯಾಗಿಯೇ ಫ್ರೀಜರ್‌ಗೆ ಹಾಕಿ, ಫ್ರೀಜರನ್ನು ಅತಿ ತಣ್ಣನೆಯ ಸೆಟ್ಟಿಂಗ್‌ಗೆ ತಿರುಗಿಸಿ. ಬೇಗ ಹೆಪ್ಪುಗಟ್ಟಿದಷ್ಟೂ ಹರಳು ಸಣ್ಣದು. ಪ್ಲಾಸ್ಟಿಕ್‌ಗಿಂತ ಲೋಹದಲ್ಲಿ ಶಾಖ ಬೇಗ ಹೊರಹೋಗುತ್ತದೆ, ಆಳದ ಡಬ್ಬಕ್ಕಿಂತ ಅಗಲದ ಟ್ರೇಯಲ್ಲಿ ಇನ್ನೂ ಬೇಗ. ಮಿಶ್ರಣ ಮೂರು ಸೆಂಟಿಮೀಟರ್ ದಪ್ಪಕ್ಕಿಂತ ಜಾಸ್ತಿ ಇರದ ಹಾಗೆ ಸುರಿದು ಮುಚ್ಚಿಡಿ.

ಮುಕ್ಕಾಲು ಗಂಟೆ ಬಿಟ್ಟು ತೆಗೆದರೆ ನಡುವೆ ಇನ್ನೂ ನೀರುನೀರಾಗಿರುತ್ತದೆ, ಅಂಚಿನಲ್ಲಿ ಮಾತ್ರ ಒಂದು ಬೆರಳಗಲ ಬಿಳಿಚಿಕೊಂಡು ಗಟ್ಟಿಯಾಗಿರುತ್ತದೆ. ಫೋರ್ಕ್‌ನಿಂದ ಆ ಅಂಚನ್ನು, ಮೂಲೆಗಳನ್ನು, ತಳವನ್ನು ಕೆರೆದು ನಡುವಿಗೆ ತಂದು ಜೋರಾಗಿ ಕಲಕಿ, ಒಂದು ಗಂಟೂ ಉಳಿಯಬಾರದು. ಬೇಗ ಬೇಗ ಮಾಡಿ, ಬಾಗಿಲು ತೆರೆದಿಟ್ಟುಕೊಂಡು ನಿಲ್ಲಬೇಡಿ. ಆಮೇಲೆ ಪ್ರತಿ ಅರ್ಧ ಗಂಟೆಗೊಮ್ಮೆ ಹೀಗೇ, ನಾಲ್ಕೈದು ಸಲ. ಮೂರನೇ ಸಲದ ಹೊತ್ತಿಗೆ ಫೋರ್ಕ್ ಎಳೆದ ಗೆರೆಗಳು ಮುಚ್ಚಿಕೊಳ್ಳದೆ ನಿಲ್ಲುತ್ತವೆ, ಕೈಗೂ ಸ್ವಲ್ಪ ಭಾರ ಗೊತ್ತಾಗುತ್ತದೆ. ಎಲ್ಲರೂ ಸಾಕು ಅಂತ ಬಿಡುವುದು ಅಲ್ಲೇ. ಬಿಡಬೇಡಿ, ಕೊನೆಯ ಎರಡು ಸಲವೇ ಮುಖ್ಯ. ಒಟ್ಟು ಸುಮಾರು ಮೂರು ಗಂಟೆಯ ಕೆಲಸ, ಆದರೆ ಪ್ರತಿ ಸಲ ಎರಡು ನಿಮಿಷ ಅಷ್ಟೇ. ಮೆಷಿನ್ನಿನಲ್ಲಿ ಮಾಡಿದಷ್ಟು ಗಾಳಿ ಇದರಲ್ಲಿ ಸೇರುವುದಿಲ್ಲ, ಹಾಗಾಗಿ ಸ್ವಲ್ಪ ಭಾರವಾಗಿ, ದಟ್ಟವಾಗಿರುತ್ತದೆ. ನನಗಂತೂ ಆ ದಟ್ಟತನವೇ ಇಷ್ಟ. ಹಗುರ ಬೇಕಿದ್ದವರು 100 ಮಿ.ಲೀ. ವಿಪ್ಪಿಂಗ್ ಕ್ರೀಮನ್ನು ಮೆತ್ತಗೆ ನೊರೆ ಬರುವಷ್ಟು ಕಡೆದು, ಟ್ರೇಗೆ ಸುರಿಯುವ ಮುಂಚೆ ಮೆಲ್ಲಗೆ ಬೆರೆಸಿಕೊಳ್ಳಿ.

ಮೂರು ಗಂಟೆ ಫ್ರೀಜರ್ ಪಕ್ಕದಲ್ಲಿ ಇರಲು ಆಗುವುದಿಲ್ಲವಾ? ಅದೇ ಮಿಶ್ರಣವನ್ನು ಐಸ್ ಟ್ರೇಗಳಲ್ಲಿ ಸುರಿದು ಗಟ್ಟಿಯಾಗಲು ಬಿಡಿ. ಬೇಕಾದಾಗ ತುಂಡುಗಳನ್ನು ತೆಗೆದು ಐದು ಹತ್ತು ನಿಮಿಷ ಹೊರಗಿಟ್ಟು, ಗಟ್ಟಿ ಪದಾರ್ಥ ತಡೆಯುವಂಥ ಮಿಕ್ಸಿ ಅಥವಾ ಫುಡ್ ಪ್ರೊಸೆಸರ್‌ನಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ಓಡಿಸಿದರೆ ಬ್ಲೇಡಿನ ಬಿಸಿಗೆ ಕರಗುತ್ತದೆ, ಮೋಟಾರಿಗೂ ಕಷ್ಟ. ಜಾರನ್ನೂ ಮೊದಲೇ ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿಕೊಳ್ಳಿ. ಮೊದಲು ರವೆಯಂತೆ ಉದುರುದುರಾಗಿ, ಕೆಟ್ಟುಹೋಯಿತೇನೋ ಅನಿಸುತ್ತದೆ. ಬದಿ ಕೆರೆದು ಇನ್ನೂ ನಾಲ್ಕೈದು ಸಲ ತಿರುಗಿಸಿ, ಇದ್ದಕ್ಕಿದ್ದಂತೆ ಕೂಡಿಕೊಂಡು ನುಣ್ಣಗಾಗುತ್ತದೆ.

ಇನ್ನೂ ಅವಸರ ಇದ್ದರೆ ಹಣ್ಣನ್ನೇ ಹೆಪ್ಪುಗಟ್ಟಿಸಿ. ಸಣ್ಣ ಹೋಳುಗಳನ್ನು ಒಂದಕ್ಕೊಂದು ತಾಗದಂತೆ ಟ್ರೇಯಲ್ಲಿ ಹರಡಿ ಗಟ್ಟಿ ಮಾಡಿ, ಆಮೇಲೆ ಚೀಲಕ್ಕೆ ತುಂಬಿಟ್ಟರೆ ಉಂಡೆಗಟ್ಟುವುದಿಲ್ಲ. ಈ ಹೋಳು 400 ಗ್ರಾಂ, ಬಸಿದ ತಣ್ಣನೆಯ ಮೊಸರು 150 ಗ್ರಾಂ, ಜೇನು 2 ಚಮಚ, ಮಿಕ್ಸಿಗೆ ಹಾಕಿ ತಿರುಗಿಸಿದರೆ ಐದು ನಿಮಿಷದಲ್ಲಿ ಬಟ್ಟಲಿಗೆ. ಮಾವು ಮತ್ತು ಬಾಳೆ ಇದಕ್ಕೆ ಹೇಳಿ ಮಾಡಿಸಿದ ಜೋಡಿ. ಇದು ಕೂಡಲೇ ತಿನ್ನುವುದಕ್ಕೆ ಮಾತ್ರ, ಎತ್ತಿಟ್ಟರೆ ಗಟ್ಟಿಯಾಗುತ್ತದೆ.

ಮಕ್ಕಳಿದ್ದರೆ ಚೀಲದ ವಿಧಾನ ಮಾಡಿ ತೋರಿಸಿ. ಒಂದು ಕಪ್ ಮಿಶ್ರಣವನ್ನು ಸಣ್ಣ ಜಿಪ್ ಚೀಲಕ್ಕೆ ಹಾಕಿ ಗಾಳಿ ತೆಗೆದು ಭದ್ರವಾಗಿ ಮುಚ್ಚಿ, ಅದನ್ನು ಒಂದು ಕಿಲೋ ಐಸ್ ಮತ್ತು 150 ಗ್ರಾಂ ಕಲ್ಲುಪ್ಪು ಇರುವ ದೊಡ್ಡ ಚೀಲದೊಳಗಿಟ್ಟು ಹತ್ತು ಹದಿನೈದು ನಿಮಿಷ ಅಲ್ಲಾಡಿಸಿ. ಉಪ್ಪು ಸೇರಿದ ಐಸ್ 0 ಡಿಗ್ರಿಗಿಂತ ಎಷ್ಟೋ ಕೆಳಗಿಳಿಯುತ್ತದೆ, ಬರಿಗೈಯಲ್ಲಿ ಹಿಡಿದರೆ ಚರ್ಮಕ್ಕೆ ಪೆಟ್ಟು. ದಪ್ಪ ಟವೆಲ್ ಸುತ್ತಿ ಹಿಡಿಯಲಿ. ಒಳಚೀಲ ತೆರೆಯುವ ಮುಂಚೆ ಅದರ ಬಾಯಿಯನ್ನು ತೊಳೆದು ಒರೆಸಿ, ಇಲ್ಲದಿದ್ದರೆ ಉಪ್ಪುನೀರು ಒಳಗೆ ಹೋಗುತ್ತದೆ.

ಉಳಿದದ್ದನ್ನು ಎತ್ತಿಡುವಾಗ ಮೇಲ್ಮೈಗೆ ಅಂಟುವಂತೆ ಬೇಕಿಂಗ್ ಪೇಪರ್ ಒತ್ತಿ, ಆಮೇಲೆ ಡಬ್ಬದ ಮುಚ್ಚಳ ಹಾಕಿ. ಫ್ರೀಜರ್‌ನ ಬಾಗಿಲಲ್ಲಿ ಇಡಬೇಡಿ, ಹಿಂಭಾಗದಲ್ಲಿಡಿ. ಬಾಗಿಲು ತೆರೆದಾಗೆಲ್ಲ ಚೂರು ಕರಗಿ ಮತ್ತೆ ಗಟ್ಟಿಯಾಗುತ್ತಾ ಸಣ್ಣ ಹರಳುಗಳು ಸೇರಿ ದೊಡ್ಡದಾಗುತ್ತವೆ, ಅದಕ್ಕೇ ಒಂದೆರಡು ವಾರದೊಳಗೆ ಮುಗಿಸುವುದು ಒಳ್ಳೆಯದು. ಬಡಿಸುವ ಅರ್ಧ ಗಂಟೆ ಮುಂಚೆ ಡಬ್ಬವನ್ನು ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿ, ಅಂಚು ನಡು ಎರಡೂ ಒಂದೇ ಹದಕ್ಕೆ ಬರುತ್ತದೆ. ಮೊಸರಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತುಹೋಗುತ್ತವಾ ಅಂತ ಕೆಲವರಿಗೆ ಅನುಮಾನ: ಚಳಿಗೆ ಬಹುಪಾಲು ಸಾಯುವುದಿಲ್ಲ, ಸುಮ್ನೆ ನಿದ್ದೆ ಹೋಗುತ್ತವೆ.

ಫ್ರಿಜ್‌ನಲ್ಲಿ ಮರೆತು ಪೂರ್ತಿ ಕರಗಿಹೋದರೆ ಹಾಗೇ ವಾಪಸ್ ಫ್ರೀಜರ್‌ಗೆ ಇಡಬೇಡಿ, ಐಸ್ ಆಗುತ್ತದೆ. ತಣ್ಣಗೇ ಇದ್ದರೆ ಮತ್ತೆ ಟ್ರೇಗೆ ಸುರಿದು ಮೊದಲಿನಿಂದ ಕಲಕಿ, ಅಥವಾ ಹಾಲು ಸೇರಿಸಿ ಕುಡಿದುಬಿಡಿ. ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇದ್ದದ್ದನ್ನು ಮಾತ್ರ ಚೆಲ್ಲಿಬಿಡಿ.