ಬಾಣೆಯ ಲಂಟಾನ ಕಿತ್ತಿದ್ದು ಹೀಗೆ

ಕೊಡಗಿನ ತಿತಿಮತಿ ಕಡೆ ನಮ್ಮದು ಸಣ್ಣ ಕಾಫಿ ತೋಟ. ಅದರ ಮೇಲ್ಗಡೆ ಅರ್ಧ ಎಕರೆ ಬಾಣೆ, ಅಂದರೆ ಗದ್ದೆಗೆ ಸೇರಿದ ಎತ್ತರದ ಜಾಗ. ಅಪ್ಪನ ಕಾಲದಲ್ಲಿ ಅಲ್ಲಿ ದನ ಮೇಯುತ್ತಿತ್ತು, ಗದ್ದೆಗೆ ಸೊಪ್ಪು ಸಿಗುತ್ತಿತ್ತು. ನಾನು ಮೈಸೂರಿನ ಕೆಲಸ ಬಿಟ್ಟು ವಾಪಸ್ ಬರುವಷ್ಟರಲ್ಲಿ ಆಳೆತ್ತರದ ಲಂಟಾನ ಅನ್ನುವ ಕಳೆ ಪೊದೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಅದರಡಿಯಲ್ಲಿ ಒಂದು ಎಳೆ ಹುಲ್ಲೂ ಇಲ್ಲ. ಹತ್ತು ಮಾರು ದೂರದಲ್ಲಿ ಆನೆ ನಿಂತಿದ್ದರೂ ಕಾಣುತ್ತಿರಲಿಲ್ಲ. ಕೆಲಸದವರು ಆ ದಾರಿಯಲ್ಲಿ ಬರಲು ಹೆದರುತ್ತಿದ್ದರು.

ಒಂದು ಬೇಸಿಗೆಯಲ್ಲಿ ನಮ್ಮ ಹಸು ಬೇರೆ ಹಸಿರು ಸಿಗದೆ ಇದನ್ನೇ ತಿಂದಿತು. ಮೇವು ಬಿಟ್ಟಿತು, ಕಣ್ಣು ಹಳದಿಯಾಯಿತು. ಮೂಗಿನ ಮೇಲಿನ ಚರ್ಮ ಒಣಗಿದ ಸಿಪ್ಪೆ ಥರ ಎದ್ದು ಬಂತು. ಲಂಟಾನದ ವಿಷ ಲಿವರ್‌ಗೆ ಹೊಡೆಯುತ್ತದೆ, ಆಮೇಲೆ ಬಿಸಿಲು ತಾಗಿದರೆ ಚರ್ಮ ಸುಡುತ್ತದೆ ಎಂದು ಡಾಕ್ಟರ್ ಹೇಳಿದರು. ಕತ್ತಲೆ ಕೊಟ್ಟಿಗೆಯಲ್ಲಿ ಕಟ್ಟಿ ನೋಡಿಕೊಂಡೆವು. ಹಸು ಬದುಕಿತು, ಹಾಲು ಮಾತ್ರ ಬತ್ತಿಹೋಯಿತು. ಬಾಣೆ ಹಸನು ಮಾಡಲೇಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಮೊದಲ ಎರಡು ವರ್ಷ ಸುಮ್ನೆ ಕತ್ತಿಯಲ್ಲಿ ಸವರಿಸಿದೆ. ಕೂಲಿ ಹೋಯಿತು, ಅಷ್ಟೇ. ಒಂದು ಕಾಂಡ ಇದ್ದ ಕಡೆ ಐದಾರು ಚಿಗುರು ಬಂತು. ಆಮೇಲೆ ಒಂದು ಬುಡ ಅಗೆದು ನೋಡಿದೆ. ಕಾಂಡ ಮತ್ತು ಬೇರು ಸೇರುವ ಕಡೆ, ನೆಲದಿಂದ ಸ್ವಲ್ಪ ಕೆಳಗೆ, ದಪ್ಪ ಗಂಟು ಇರುತ್ತದೆ. ಚಿಗುರು ಅಲ್ಲಿಂದಲೇ ಬರುವುದು. ಎರಡು ಮೂರು ಬೆರಳು ಆಳಕ್ಕೆ, ಆ ಗಂಟಿನ ಕೆಳಗೆ ತಾಯಿಬೇರನ್ನು ಪಿಕಾಸಿಯಿಂದ ಕಡಿಯಬೇಕು. ಕಿತ್ತ ಗಿಡವನ್ನು ಬೇರು ಮೇಲೆ ಬರುವಂತೆ ತಲೆಕೆಳಗಾಗಿ ಇಡಬೇಕು. ಇಲ್ಲದಿದ್ದರೆ ಮಣ್ಣು ತಾಗಿ ಮತ್ತೆ ಬೇರು ಬಿಡುತ್ತದೆ.

ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದು ಮಣ್ಣು ಮೆತ್ತಗಾದಾಗ ಈ ಕೆಲಸ ಸಲೀಸು. ಆದರೆ ಇಳಿಜಾರನ್ನು ಒಂದೇ ಸಲ ಬೋಳು ಮಾಡಬೇಡಿ. ನಮ್ಮ ಜೂನ್, ಜುಲೈ ಮಳೆ ಮೇಲ್ಮಣ್ಣನ್ನೆಲ್ಲ ತೊಳೆದುಬಿಡುತ್ತದೆ. ನಾನು ಅಡ್ಡಡ್ಡ ಪಟ್ಟಿಯಾಗಿ ಕೀಳಿಸುತ್ತಾ ಹೋದೆ, ಮೂರು ವರ್ಷ ಹಿಡಿಯಿತು. ಬಯಲಾದ ಕಡೆ ಮಳೆ ಶುರುವಾಗುತ್ತಿದ್ದಂತೆ ಹಾಲುವಾಣದ ಕೊಂಬೆ ನೆಟ್ಟೆ, ನಡುನಡುವೆ ಮತ್ತಿ, ಹೊನ್ನೆ ಸಸಿ. ದಟ್ಟ ನೆರಳಿನಲ್ಲಿ ಲಂಟಾನ ಸೊರಗುತ್ತದೆ. ಅದಕ್ಕೆ ಬಾಣೆಯಲ್ಲಿ ಮರಗಸಿ, ಅಂದರೆ ಮರದ ಕೊಂಬೆ ಸವರಿಸುವುದನ್ನು ಬಿಟ್ಟಿದ್ದೇನೆ.

ಕಿತ್ತ ಮೇಲಿನ ಕೆಲಸವೇ ಜಾಸ್ತಿ. ಕಪ್ಪಗೆ ಹಣ್ಣಾದ ಲಂಟಾನ ಕಾಯಿಯನ್ನು ಪಿಕಳಾರ ಹಕ್ಕಿ ತಿಂದು, ಮರದ ಮೇಲೆ ಕೂತು ಬೀಜ ಉದುರಿಸುತ್ತದೆ. ಹಾಗಾಗಿ ಸಸಿ ಎಲ್ಲಕ್ಕಿಂತ ಹೆಚ್ಚು ಏಳುವುದು ಹಕ್ಕಿ ಕೂರುವ ಮರದ ಬುಡದಲ್ಲಿ. ನಮ್ಮ ಹಳೇ ಅತ್ತಿ ಮರದ ಕೆಳಗೆ ಒಂದು ಬುಟ್ಟಿ ಅಗಲದ ಜಾಗದಲ್ಲೇ 23 ಸಸಿ ಎಣಿಸಿದ್ದೆ. ಎಲೆ ತಿಕ್ಕಿದರೆ ಘಾಟು ವಾಸನೆ, ಕಾಂಡ ಮುಟ್ಟಿದರೆ ಚೌಕ, ಒರಟು. ನಾಲ್ಕೆಲೆ ಇರುವಾಗ ಎರಡು ಬೆರಳಲ್ಲಿ ಎಳೆದರೆ ದಾರದಂಥ ಬೇರಿನ ಸಮೇತ ಬರುತ್ತದೆ. ಒಂದು ವರ್ಷ ಬಿಟ್ಟರೆ ಮತ್ತೆ ಪಿಕಾಸಿಯೇ ಬೇಕು.

ಇದರಿಂದ ಉಪಯೋಗವೂ ಇದೆ. ಒಣಗಿದ ಕಡ್ಡಿ ನಮ್ಮ ಬಚ್ಚಲೊಲೆಗೆ ಎರಡು ವರ್ಷ ಬಂತು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕಡ್ಡಿ ಬೇಯಿಸಿ, ಸಿಪ್ಪೆ ಸುಲಿದು, ಕುರ್ಚಿ, ಬುಟ್ಟಿ ಮಾಡುತ್ತಾರೆ. ಒಳ್ಳೆಯ ಕೆಲಸ, ಕೈಗೆ ಕಾಸೂ ಬರುತ್ತದೆ. ಆದರೆ ಬರೀ ಕಡ್ಡಿ ಕೊಯ್ದರೆ ಲಂಟಾನ ಮುಗಿಯುತ್ತದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬುಡ ನೆಲದಲ್ಲೇ ಉಳಿಯುತ್ತದೆ ಅಲ್ವಾ?

ಈ ಮಳೆಗಾಲದಲ್ಲಿ ಬಾಣೆಯ ಅರ್ಧಕ್ಕೆ ಹುಲ್ಲು ಬಂದಿದೆ. ತಿಂಗಳಿಗೊಮ್ಮೆ ಬೆಳಿಗ್ಗೆ ಅತ್ತಿ ಮರದ ಬುಡಕ್ಕೆ ಹೋಗಿ ಕೂರುತ್ತೇನೆ. ಕಳೆದ ಸಲ ಸಿಕ್ಕಿದ್ದು ಆರು ಸಸಿ.