‘ಹೇಗಿದೆ?’ ಎಂದು ಕೇಳಬೇಡಿ, ಫೋನ್ ಕೈಗೆ ಕೊಡಿ

ಕರೆಂಟ್ ಬಿಲ್ ಕಟ್ಟುವ ಆ್ಯಪ್ ಮಾಡಿದ್ದೀರಿ ಅಂದುಕೊಳ್ಳಿ. ಪಕ್ಕದ ಮನೆಯವರಿಗೆ ತೋರಿಸಿ ‘ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎನ್ನುತ್ತಾರೆ. ನಮಗೆ ಬೇಜಾರು ಮಾಡಲು ಅವರಿಗೆ ಮನಸ್ಸು ಬರುವುದಿಲ್ಲ, ಅಲ್ವಾ? ಅದೇ ಫೋನನ್ನು ಅವರ ಕೈಗಿಟ್ಟು ‘ಈ ತಿಂಗಳ ಬಿಲ್ ಕಟ್ಟಿ’ ಎನ್ನಿ. ಬೆರಳು ಎಲ್ಲಿ ತಡವರಿಸುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಹೀಗೆ ಆ್ಯಪ್ ಪರೀಕ್ಷಿಸಲು ಮೊದಲು ಜನರನ್ನು ಹುಡುಕಿ. ಆಫೀಸಿನ ಗೆಳೆಯರು ಬೇಡ, ಮನೆಯ ಬಿಲ್ ಕಟ್ಟುವವರೇ ಬೇಕು. ಐದು ಜನ ಸಾಕು. ಒಟ್ಟು ತೊಡಕುಗಳಲ್ಲಿ ಸರಾಸರಿ ಶೇ 31ರಷ್ಟು ಒಬ್ಬರಿಂದಲೇ ಸಿಗುತ್ತವೆ ಎಂದು, ಬಳಕೆ ಎಷ್ಟು ಸುಲಭ ಎಂಬುದನ್ನು ಅಧ್ಯಯನ ಮಾಡುವ ಸಂಶೋಧಕರಾದ ಜೇಕಬ್ ನೀಲ್ಸನ್ ಮತ್ತು ಟಾಮ್ ಲ್ಯಾಂಡೌವರ್ 1993ರಲ್ಲಿ ಲೆಕ್ಕ ಹಾಕಿದ್ದರು. ಆ ಲೆಕ್ಕದಂತೆ ಐದನೆಯವರ ಹೊತ್ತಿಗೆ ಶೇ 85ರಷ್ಟು ಸಿಕ್ಕಿರುತ್ತವೆ. ಆಮೇಲೆ ಕಂಡದ್ದೇ ಮತ್ತೆ ಕಾಣುತ್ತದೆ.

ಇನ್ನು ಅವರಿಗೆ ಕೊಡುವ ಕೆಲಸವನ್ನು ಬರೆದುಕೊಳ್ಳಿ. ಇಲ್ಲಿ ತುಂಬಾ ಎಚ್ಚರ ಬೇಕು. ಬಟನ್ ಮೇಲೆ ‘ಪಾವತಿಸಿ’ ಎಂದಿದ್ದರೆ ‘ಬಿಲ್ ಪಾವತಿಸಿ’ ಎಂದು ಹೇಳಲೇಬೇಡಿ. ಆ ಪದ ಎಲ್ಲಿದೆ ಎಂದು ಹುಡುಕಿ ಒತ್ತಿಬಿಡುತ್ತಾರೆ, ಅರ್ಥವಾಯಿತೋ ಇಲ್ಲವೋ ನಿಮಗೆ ತಿಳಿಯುವುದೇ ಇಲ್ಲ. ನಮ್ಮ ಕನ್ನಡ ಆ್ಯಪ್‌ಗಳಿಗೆ ಈ ಮಾತು ಇನ್ನೂ ಮುಖ್ಯ. ಮನೆಯಲ್ಲಿ ಯಾರೂ ಬಿಲ್ ‘ಪಾವತಿಸುವುದಿಲ್ಲ’, ಕಟ್ಟುತ್ತಾರೆ. ಎದುರಿಗಿರುವವರು ಯಾವ ಪದ ಬಳಸುತ್ತಾರೋ ಕಿವಿಗೊಟ್ಟು ಕೇಳಿ, ಬರೆದುಕೊಳ್ಳಿ. ಬಟನ್ ಮೇಲೆ ಇರಬೇಕಾದ ಪದ ಅದೇ.

ಶುರು ಮಾಡುವ ಮುನ್ನ ‘ಪರೀಕ್ಷೆ ಆ್ಯಪ್‌ಗೆ, ನಿಮಗಲ್ಲ’ ಎಂದು ಧೈರ್ಯ ಹೇಳಿ. ನಿಜವಾದ ದುಡ್ಡು ಹೋಗದಂತೆ ನೋಡಿಕೊಳ್ಳಿ. ರೆಕಾರ್ಡ್ ಮಾಡುವುದಾದರೆ ಒಪ್ಪಿಗೆ ಪಡೆಯಿರಿ. ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಬಳಸಲಿ.

ನೀವು ಮಾತ್ರ ಸುಮ್ನೆ ಕೂತಿರಿ. ಇಡೀ ಕೆಲಸದಲ್ಲಿ ಕಷ್ಟದ್ದು ಇದೇ. ಅವರು ತಪ್ಪು ಕಡೆ ಒತ್ತುವಾಗ ‘ಅಲ್ಲಲ್ಲ, ಮೇಲೆ ನೋಡಿ’ ಎಂಬ ಮಾತು ನಾಲಿಗೆ ತುದಿಗೆ ಬರುತ್ತದೆ. ತಡೆದುಕೊಳ್ಳಿ. ‘ಇದನ್ನು ಒತ್ತಬೇಕಾ?’ ಎಂದು ಕೇಳಿದರೆ ‘ನಿಮಗೆ ಏನನ್ನಿಸುತ್ತೆ?’ ಎನ್ನಿ. ನಾಳೆ ಅವರು ಒಬ್ಬರೇ ಬಿಲ್ ಕಟ್ಟುವಾಗ ಪಕ್ಕದಲ್ಲಿ ನೀವಿರುವುದಿಲ್ಲ.

ಕೊನೆಗೆ ಹತ್ತು ನಿಮಿಷ ಮಾತಾಡಿ. ‘ಮುಂದೆ ಬಳಸ್ತೀರಾ?’ ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ. ‘ಹೋದ ತಿಂಗಳು ಬಿಲ್ ಹೇಗೆ ಕಟ್ಟಿದಿರಿ?’ ಎಂದು ಕೇಳಿ, ನಡೆದದ್ದು ಹೊರಬರುತ್ತದೆ. ‘ಅಲ್ಲಿ ಸ್ವಲ್ಪ ಹೊತ್ತು ನಿಂತಿರಲ್ಲ, ಏನು ಹುಡುಕುತ್ತಿದ್ದಿರಿ?’ ಎಂದೂ ಕೇಳಿ.

ಐದೂ ಜನರದ್ದು ಮುಗಿದ ಸಂಜೆಯೇ ಟಿಪ್ಪಣಿ ತೆಗೆದು, ಎಲ್ಲಿ ಎಷ್ಟು ಜನ ಸಿಕ್ಕಿಹಾಕಿಕೊಂಡರು ಎಂದು ಎಣಿಸಿ. ಜಾಸ್ತಿ ಜನ ನಿಂತ ಜಾಗವನ್ನು ಮೊದಲು ಸರಿಮಾಡಿ. ಆಮೇಲೆ ಬೇರೆ ಐದು ಜನರನ್ನು ಕರೆಯಿರಿ.